ಸೆಂಟ್ ಅಣ್ಣೆರ್

ಬೋಳಾರದ ತಿರುವಿನಲ್ಲಿ ತರಕಾರಿ ಮಾರುವ ಅಪ್ಪಿಯಕ್ಕ ಬಸಳೆಯ ಕಟ್ಟನ್ನು ನನ್ನ ಚೀಲಕ್ಕೆ ತುರುಕುತ್ತಾ, “ಸೆಂಟ್ ಅಣ್ಣೆರ್ ತೀರಿಕೊಂಡ್ರಲ್ಲ, ನಿಮಗೆ ಗೊತ್ತಾಗ್ಲಿಲ್ವಾ?” ಎಂದಳು. ಹೋಗಿ ಹದಿನೈದು ದಿನದ ಮೇಲಾಗಿತ್ತಂತೆ. ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದಿತ್ತಂತೆ. “ಶೆಡ್ಡಿನ ಹೆಂಗಸರು ಸುಮಾರು ಜನ ಬಂದಿದ್ರು. ನೀವು ಬರಬಹುದು ಅಂತ ನಾನು ದಾರಿ ನೋಡಿದೆ. ಅವರಿಗೆ ನೀವು ಅಂದ್ರೆ ಅಷ್ಟು ಇಷ್ಟ ಅಲ್ವಾ?” ಎಂದು ಬೇರೆ ಸೇರಿಸಿದಳು. ನಾನು ಚೀಲದ ಹಿಡಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಅಣ್ಣೆರ್ ಎಂದರೆ ತುಳುವಿನಲ್ಲಿ ಅಣ್ಣನವರು. ಅವರಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಗಳು ಇದೇ ಊರಿನಲ್ಲಿದ್ದಾಳೆ ಎಂಬುದು ಒಂದು ಕಾರಣ. ಆ ಹೆಸರು ಬರೆದು ಅದರ ಪಕ್ಕದಲ್ಲೇ ನಾನು ಮಾಡಿದ್ದನ್ನೂ ಬರೆಯುವಷ್ಟು ಧೈರ್ಯ ನನಗಿಲ್ಲ ಎಂಬುದು ನಿಜವಾದ ಕಾರಣ.

ನಾವಿಬ್ಬರೂ ಹೊಳೆಬದಿಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಬಂದ ಕಾಫಿಯ ಸಿಪ್ಪೆ ತೆಗೆದು, ಗಾತ್ರ ನೋಡಿ ಜರಡಿ ಹಿಡಿದು, ಕಪ್ಪು ಕಾಳು ಒಡಕು ಕಾಳುಗಳನ್ನು ಕೈಯಲ್ಲೇ ಹೆಕ್ಕಿ ತೆಗೆದು ಹಡಗಿಗೆ ಕಳಿಸುವುದು ಅಲ್ಲಿನ ಕೆಲಸ. ಹೆಕ್ಕುವ ಶೆಡ್ಡಿನಲ್ಲಿ ಅರುವತ್ತು ಹೆಂಗಸರು ಸಾಲು ಸಾಲಾಗಿ ಕುಳಿತಿರುತ್ತಿದ್ದರು. ಆ ಶೆಡ್ಡಿನ ಸೂಪರ್‌ವೈಸರ್ ಅವರು. ನಾನು ಸ್ಯಾಂಪಲ್ ರೂಮಿನವನು. ಕಾಫಿಯನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಚಮಚದಲ್ಲಿ ಸೊರ್ರನೆ ಎಳೆದು, ರುಚಿ ನೋಡಿ ಉಗುಳುವುದು ನನ್ನ ಉದ್ಯೋಗ. ದಿನವಿಡೀ ಉಗುಳಿ ಸಂಬಳ ತರುವವನು ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು.

ಅವರ ಬಾವ ಬಹರೈನಿನಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಬೊಂಬಾಯಿಯ ಮೇಲಾಗಿ ಬಜಪೆಯ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ದಿನ ಇವರಿಗೆ ಕಡ್ಡಾಯ ರಜೆ. ಬೇರೆಯವರ ಬಾವಂದಿರು ಟೇಪ್ ರೆಕಾರ್ಡರು, ನೈಲಾನ್ ಸೀರೆ, ಹಾಲಿನ ಪುಡಿಯ ಡಬ್ಬ ತಂದರೆ ಈ ಬಾವ ಒಮ್ಮೆ ಕಪ್ಪು ಗಾಜಿನ ಒಂದು ಚೌಕ ಬಾಟಲಿ ತಂದ. ಗಂಡಸರಿಗೆಂದೇ ಮಾಡಿದ ಸೆಂಟು. ವಿಲಾಯಿತಿಯಲ್ಲಿ ಭಾರಿ ಹೆಸರಾಗಿದೆಯಂತೆ, ಅಲ್ಲಿ ದೊಡ್ಡ ದೊಡ್ಡವರು ಹಾಕುತ್ತಾರಂತೆ ಎಂದು ಬಾವ ಹೇಳಿದ್ದನ್ನು ಇವರು ನಮಗೆ ಹೇಳಿದರು. ಮರುದಿನದಿಂದ ಅವರು ನಮ್ಮ ವರ್ಕ್ಸಿಗೆ ಎರಡು ಕಂತಿನಲ್ಲಿ ಬರತೊಡಗಿದರು. ಮೊದಲು ಅವರ ವಾಸನೆ, ಆಮೇಲೆ ಅವರು.

ಆ ವಾಸನೆ ಎಂಥದ್ದು ಎಂದು ಕೇಳಿದರೆ ಇವತ್ತೂ ನಾನು ಬಿಡಿಸಿ ಹೇಳಬಲ್ಲೆ. ಮೊದಲು ಲವಂಗ ಮತ್ತು ಕಿತ್ತಳೆ ಸಿಪ್ಪೆ ಮೂಗಿಗೆ ಹೊಡೆಯುತ್ತಿತ್ತು. ಅದರ ಹಿಂದೆ ಹೊಗೆಸೊಪ್ಪು, ಹೊಸ ಚರ್ಮದ ಚಪ್ಪಲಿ. ಎಲ್ಲಕ್ಕಿಂತ ಕೆಳಗೆ, ಮಳೆಯಲ್ಲಿ ನೆನೆದು ಹಟ್ಟಿಗೆ ಬಂದ ಹೋತ. ಕೆಲವರಿಗೆ ಮೊದಲಿನದು ಮಾತ್ರ ಸಿಗುತ್ತಿತ್ತು, ಕೆಲವರಿಗೆ ಕೊನೆಯದು ಮಾತ್ರ. ಹಾಗಾಗಿ ವರ್ಕ್ಸಿನಲ್ಲಿ ಎರಡು ಪಕ್ಷವಾಯಿತು. ಟೈಪಿಸ್ಟು ಏನಾದರೊಂದು ಕಾಗದ ಹಿಡಿದುಕೊಂಡು ಅವರ ಹತ್ತಿರ ಹೋಗಿ ಉಸಿರೆಳೆದುಕೊಂಡು ಬರುತ್ತಿದ್ದ. ಗೇಟಿನ ಕ್ಲಾರ್ಕು ಅವರನ್ನು ಕಂಡರೆ ಟವೆಲಿನಲ್ಲಿ ಮೂಗು ಮುಚ್ಚುತ್ತಿದ್ದ. ಮ್ಯಾನೇಜರ್ ಸಾಹೇಬರು ಕರವಸ್ತ್ರ ಹಿಡಿದುಕೊಂಡೇ ಅವರೊಡನೆ ಮಾತನಾಡುತ್ತಿದ್ದರು. ಘಟ್ಟದ ಲಾರಿ ಡ್ರೈವರೊಬ್ಬ ಒಂದು ಹನಿ ಕೇಳಿ ಹಾಕಿಸಿಕೊಂಡು ಹೋದವನು, ಮುಂದಿನ ವಾರ ಬಂದು, ಮನೆಯಾಕೆ ಆ ರಾತ್ರಿ ಜಗಲಿಯಲ್ಲಿ ಮಲಗಿಸಿದಳು ಎಂದು ದೂರಿದ.

ಯಾರು ಏನೆಂದರೂ ಅವರಿಗೆ ಬೇಸರವಿಲ್ಲ. “ಅರ್ಧ ಜನಕ್ಕೆ ಆಗಿ, ಅರ್ಧ ಜನಕ್ಕೆ ಆಗದಿದ್ರೆ ಅದು ಸೆಂಟು ಮಾರಾಯ್ರೆ. ಎಲ್ಲರಿಗೂ ಆಗ್ತದೆ ಅಂತಾದ್ರೆ ಅದು ಸಾಬೂನು” ಎಂದು ನಗುತ್ತಿದ್ದರು. ನಾನು ಆಗದವರ ಪಕ್ಷ. ಬೆನ್ನ ಹಿಂದೆ ಅವರನ್ನು ಹೋತ ಎಂದೇ ಕರೆಯುತ್ತಿದ್ದೆ. ಮನೆಯಲ್ಲಿ ಹೆಂಡತಿಯ ಹತ್ತಿರವೂ ಹಾಗೆಯೇ ಹೇಳಿ ನಗಿಸುತ್ತಿದ್ದೆ.

ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ. “ಅಲ್ಲ, ಹಾಕುವುದು ಸರಿ. ಇಷ್ಟು ಎಂತಕ್ಕೆ ಹಾಕುವುದು? ಬಾಟ್ಲಿಯಲ್ಲಿ ಸ್ನಾನ ಮಾಡ್ತೀರಾ?”

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ನಿಮಗೆ ಹೇಳ್ತೇನೆ, ಸಾಹೇಬ್ರಿಗೆ ಹೇಳ್ಬೇಡಿ. ನನ್ನ ಶೆಡ್ಡಿನಲ್ಲಿ ಅರುವತ್ತು ಜನ ಉಂಟು. ಬೆಳಿಗ್ಗೆಯಿಂದ ಸಂಜೆವರೆಗೆ ತಲೆ ಬಗ್ಗಿಸಿ ಕಾಳು ಹೆಕ್ಕುವುದು. ಒಬ್ಬಳು ಎಲೆಯಡಿಕೆ ಹಾಕ್ತಾಳೆ, ಒಬ್ಬಳಿಗೆ ತೂಕಡಿಕೆ ಬರ್ತದೆ. ಕಂಡ್ರೆ ನಾನು ಹೆಸರು ಬರೀಬೇಕು, ಅದು ರೂಲು. ಕಾಣದಿದ್ರೆ ಬರೀಬೇಕು ಅಂತ ಇಲ್ಲವಲ್ಲ? ಕಳ್ಳನ ಹಾಗೆ ಹೋಗಿ ಹಿಡಿಯುವ ಕೆಲಸ ನನ್ನಿಂದ ಆಗುವುದಿಲ್ಲ. ನಾನು ಬರ್ತಾ ಇದ್ದೇನೆ ಅಂತ ಅವರಿಗೆ ಮೊದಲೇ ಗೊತ್ತಾಗ್ಬೇಕು.”

ನಾನು ನಂಬಲಿಲ್ಲ. ಷೋಕಿಗೆ ಒಂದು ನೆಪ ಎಂದುಕೊಂಡೆ. ಒಮ್ಮೆ ಬೇಕೆಂದೇ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಅವರಿನ್ನೂ ಜರಡಿ ಮಿಷನ್ನಿನ ಹತ್ತಿರ ಇದ್ದರು. ಅಷ್ಟರಲ್ಲೇ ಮೊದಲ ಸಾಲಿನಲ್ಲಿ ಯಾರೋ “ಬತ್ತೆರ್, ಬತ್ತೆರ್” ಎಂದರು. ಬಂದರು ಎಂಬ ಆ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ತೂಕಡಿಸುತ್ತಿದ್ದವಳ ಬೆನ್ನಿಗೆ ಪಕ್ಕದವಳು ತಟ್ಟಿದಳು. ಎಲೆಯಡಿಕೆ ಸೆರಗಿನ ಗಂಟಿಗೆ ಹೋಯಿತು. ಅವರು ಒಳಗೆ ಕಾಲಿಡುವಾಗ ಅರುವತ್ತು ತಲೆಗಳೂ ಕಾಳಿನ ಮೇಲೆ ಬಗ್ಗಿದ್ದವು. “ಎಂತ ಅಕ್ಕ, ಸೌಖ್ಯವಾ?” ಎಂದು ಕೇಳುತ್ತಾ ಅವರು ಸಾಲುಗಳ ನಡುವೆ ನಡೆದರು. ಮಗಳಷ್ಟು ಸಣ್ಣವರನ್ನೂ ಅವರು ಅಕ್ಕ ಎಂದೇ ಕರೆಯುವುದು. ಯಾರದ್ದಾದರೂ ಕೆಲಸ ಹಿಂದೆ ಬಿದ್ದಿದ್ದರೆ ಬಯ್ಯುವ ಬದಲು ಇಸ್ತ್ರಿಯ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ತಾವೂ ಐದು ನಿಮಿಷ ಹೆಕ್ಕುತ್ತಿದ್ದರು. ಹೆಂಗಸರು ಅವರನ್ನು ಸೆಂಟ್ ಅಣ್ಣೆರ್ ಎಂದು ಕರೆಯುತ್ತಿದ್ದುದರಲ್ಲಿ ಗೇಲಿ ಅರ್ಧ, ಅಕ್ಕರೆ ಅರ್ಧ.

ಇನ್ನು ನನ್ನ ಸ್ಯಾಂಪಲ್ ರೂಮಿನ ವಿಷಯ. ಅದೊಂದು ಮಡಿಯ ಕೋಣೆ. ಕಾಫಿ ಕಾಳು ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಕುಡಿಯುತ್ತದೆ. ಅದರಲ್ಲೂ ನಮ್ಮ ಕಡೆಯ ವಿಶೇಷವಾದ ಮಾನ್ಸೂನ್ ಕಾಫಿ. ಮಳೆಗಾಲವಿಡೀ ಕಾಳುಗಳನ್ನು ಗೋಡೌನಿನ ನೆಲದಲ್ಲಿ ಹರವಿ, ಬದಿಗಳನ್ನು ತೆರೆದಿಟ್ಟು, ಸಮುದ್ರದ ಒದ್ದೆಗಾಳಿಗೆ ಬಿಡುತ್ತೇವೆ. ಅವು ಊದಿ, ಹಸಿರು ಹೋಗಿ, ಹೊಂಬಣ್ಣಕ್ಕೆ ತಿರುಗುತ್ತವೆ. ಹಾಗೆ ಉಬ್ಬಿದ ಕಾಳು ಏನನ್ನೂ ಹೊರಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ರೂಮಿನೊಳಗೆ ಬೀಡಿ ಇಲ್ಲ, ಕರ್ಪೂರ ಇಲ್ಲ, ಪರಿಮಳದ ತಲೆಎಣ್ಣೆ ಇಲ್ಲ, ನೀರುಳ್ಳಿ ತಿಂದ ಬಾಯಿ ಇಲ್ಲ. ಗೋಡೆಯಲ್ಲಿ ಆ ಪಟ್ಟಿಯನ್ನು ನಾನೇ ಬರೆದು ಅಂಟಿಸಿದ್ದೆ.

ಅವರು ಆ ಪಟ್ಟಿಯನ್ನು ನನಗಿಂತ ಚೆನ್ನಾಗಿ ಪಾಲಿಸಿದರು. ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಅಂಗಳದಲ್ಲಿ, ಕಿಟಕಿಯಿಂದ ಮೂರು ಮೊಳ ದೂರ ನಿಂತು ಮಾತನಾಡಿಸುವರು. “ಇವತ್ತಿನದು ಹೇಗುಂಟು?” ಎಂದು ಕೇಳುವರು. ಚಾಕಲೇಟಿನ ಹಾಗೆ, ಒದ್ದೆ ಮರದ ಹಾಗೆ ಎಂದೆಲ್ಲ ನಾನು ವರ್ಣಿಸಿದರೆ ಬಾಯಿ ಬಿಟ್ಟು ಕೇಳುವರು. ಇಷ್ಟು ಕಾಫಿಯ ನಡುವೆ ಬದುಕಿದ ಮನುಷ್ಯ ಕಾಫಿ ಕುಡಿಯುತ್ತಿರಲಿಲ್ಲ. ಎದೆ ಉರಿಯುತ್ತದಂತೆ. ಜೀರಿಗೆ ಕಷಾಯದ ಗಿರಾಕಿ. “ನೀವು ಹೇಳುವಾಗ ಕುಡಿದ ಹಾಗೇ ಆಗ್ತದೆ, ಸಾಕು” ಎನ್ನುವರು. ಅವರ ಸೆಂಟು ನನಗಾಗದಿದ್ದರೂ, ಹನ್ನೊಂದು ಗಂಟೆಗೆ ಅವರು ಬಾರದಿದ್ದರೆ ನನಗೆ ಏನೋ ಕಳಕೊಂಡಂತೆ ಆಗುತ್ತಿತ್ತು.

ಎಂಬತ್ತರ ದಶಕದ ಆರಂಭದ ಒಂದು ವರ್ಷ, ಮಳೆಗಾಲ ಮುಗಿದು ನವರಾತ್ರಿಯ ದಿನಗಳು. ನನ್ನ ಹೆಂಡತಿಗೆ ಏಳು ತಿಂಗಳು. ಆ ಆದಿತ್ಯವಾರ ಸೀಮಂತ ಎಂದು ನಿಶ್ಚಯವಾಗಿತ್ತು. ಹಬ್ಬದ ದಿನಗಳಾದ್ದರಿಂದ ಮಲ್ಲಿಗೆ ಸಿಗುವುದೇ ಕಷ್ಟ ಎಂದು ಶುಕ್ರವಾರ ಬೆಳಿಗ್ಗೆಯೇ ಒಂದು ಅಟ್ಟೆ ಶಂಕರಪುರ ಮಲ್ಲಿಗೆ ಕೊಂಡೆ. ಬಾಳೆಲೆಯಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ದೊಡ್ಡ ಪೊಟ್ಟಣ. ನಮ್ಮ ಮನೆಯ ಹೆಂಚು ತಗ್ಗು, ಹಗಲಿಡೀ ಸೆಕೆ, ಅಲ್ಲಿಟ್ಟರೆ ಆದಿತ್ಯವಾರಕ್ಕೆ ಹೂವು ಉಳಿಯುತ್ತಿರಲಿಲ್ಲ. ಇಡೀ ವರ್ಕ್ಸಿನಲ್ಲಿ ತಂಪಾದ ಜಾಗವೆಂದರೆ ನನ್ನ ರೂಮಿನ ಸ್ಯಾಂಪಲ್ ಕಪಾಟು. ದಪ್ಪ ಮರದ್ದು, ಒಳಗೆ ತಗಡು ಹೊಡೆದದ್ದು. ಪೊಟ್ಟಣವನ್ನು ಅದರ ಕೆಳಗಿನ ಹಲಗೆಯಲ್ಲಿಟ್ಟೆ. ಮೇಲಿನ ಹಲಗೆಯಲ್ಲಿ ಹಿಂದಿನ ದಿನವಷ್ಟೇ ನಾನು ರುಚಿ ನೋಡಿ ಪಾಸು ಮಾಡಿದ ಮಾನ್ಸೂನ್ ಕಾಫಿಯ ಸ್ಯಾಂಪಲುಗಳು, ಬಟ್ಟೆಯ ಚೀಲದಲ್ಲಿ, ಬಾಯಿ ಕಟ್ಟದೆ ಇದ್ದವು. ಸೋಮವಾರ ಡಬ್ಬಕ್ಕೆ ಹಾಕಿ ಮುಚ್ಚಿ ವಿಲಾಯಿತಿಯ ಒಬ್ಬ ದೊಡ್ಡ ವ್ಯಾಪಾರಿಗೆ ಕಳಿಸುವುದಿತ್ತು.

ಗೋಡೆಯ ಪಟ್ಟಿಯಲ್ಲಿ ಮಲ್ಲಿಗೆ ಇರಲಿಲ್ಲ. ಯಾಕೆ ಇರಲಿಲ್ಲ ಎಂದರೆ, ನಮ್ಮ ಊರಿನವರಿಗೆ ಮಲ್ಲಿಗೆ ಒಂದು ವಾಸನೆ ಎಂದು ಹೊಳೆಯುವುದೇ ಇಲ್ಲ. ಹುಟ್ಟಿದಂದಿನಿಂದ ಅಮ್ಮನ ಜಡೆಯಲ್ಲಿ, ದೇವರ ಪಟದಲ್ಲಿ, ಬಸ್ಸಿನ ಡ್ರೈವರನ ಎದುರು, ಎಲ್ಲ ಕಡೆ ಇರುವುದು ಅದು. ಮೂಗಿನ ದುಡಿಮೆಯಲ್ಲೇ ಅನ್ನ ತಿನ್ನುತ್ತಿದ್ದ ನನಗೂ ಹೊಳೆಯಲಿಲ್ಲ. ಶನಿವಾರ ಮಧ್ಯಾಹ್ನ ಪೊಟ್ಟಣ ಎತ್ತಿಕೊಂಡು ಸಂತೋಷದಿಂದ ಮನೆಗೆ ಹೋದೆ.

ಸೀಮಂತಕ್ಕೆ ಅವರೂ ಬಂದಿದ್ದರು. ಬಾಗಿಲಲ್ಲಿ ನಿಂತವರನ್ನು ಕಂಡು ನನಗೆ ಆಶ್ಚರ್ಯವಾಯಿತು. ಬಿಳಿ ಅಂಗಿ, ಬಿಳಿ ಪಂಚೆ, ಮೈಯಲ್ಲಿ ಬರೀ ಸಾಬೂನಿನ ವಾಸನೆ. “ಎಂತ, ಬಾಟ್ಲಿ ಖಾಲಿಯಾ?” ಎಂದೆ. “ಛೆ, ಬಸುರಿ ಹೆಂಗಸಿಗೆ ಅದು ಆಗ್ಲಿಕ್ಕಿಲ್ಲ. ವಾಂತಿ ಬಂದ್ರೆ ಪಾಪ” ಎಂದು ಪಿಸುಗುಟ್ಟಿದರು. ಎರಡು ಸಲ ತಲೆಗೆ ಮಿಂದು ಬಂದಿದ್ದರಂತೆ. ಹೆಂಡತಿಗೆ ಸೀರೆಯೊಂದನ್ನು ಕೊಟ್ಟು, ಬಡಿಸಲು ಜನ ಕಡಿಮೆ ಎಂದು ಕಂಡು ತಾವೇ ಸೊಂಟಕ್ಕೆ ಟವೆಲು ಕಟ್ಟಿ ಪಂಕ್ತಿಗೆ ಸಾರು ಬಡಿಸಿದರು. ಅವರು ಹೋದ ಮೇಲೆ, ತಲೆತುಂಬ ಮಲ್ಲಿಗೆ ಮುಡಿದು ಕೂತಿದ್ದ ಹೆಂಡತಿ, “ಇವರನ್ನಾ ನೀವು ಹೋತ ಹೋತ ಅಂತ ಹೇಳುವುದು? ನಿಮಗೆ ನಾಚಿಕೆ ಇಲ್ವಾ?” ಎಂದಳು.

ಕಾಗದ ಬಂದದ್ದು ಒಂದೂವರೆ ತಿಂಗಳ ಮೇಲೆ. ಸ್ಯಾಂಪಲು ತಿರಸ್ಕೃತವಾಗಿದೆ, ಅದರಲ್ಲಿ ಹೊರಗಿನ ಸುಗಂಧದ್ರವ್ಯದ ವಾಸನೆಯಿದೆ, ಹೂವಿನಂಥದ್ದೇನೋ ಇದೆ, ಈ ವರ್ಷ ನಿಮ್ಮ ಕಾಫಿ ಬೇಡ ಎಂದು ಬರೆದಿತ್ತು. ವರ್ಕ್ಸಿನಲ್ಲಿ ಅಷ್ಟು ದೊಡ್ಡ ಆರ್ಡರು ಬೇರೆ ಇರಲಿಲ್ಲ. ಮ್ಯಾನೇಜರ್ ಸಾಹೇಬರು ನಮ್ಮಲ್ಲೇ ಉಳಿಸಿಕೊಂಡಿದ್ದ ಸ್ಯಾಂಪಲಿನ ಜೋಡಿ ಚೀಲವನ್ನು ತೆರೆದು ರುಚಿ ನೋಡಲು ಹೇಳಿದರು. ಅದು ಅದೇ ಕಪಾಟಿನಲ್ಲಿ, ಅದೇ ಹಲಗೆಯಲ್ಲಿ ಇದ್ದ ಚೀಲ. ಹುರಿದು, ನೀರು ಹೊಯ್ದು, ಬಟ್ಟಲಿಗೆ ಮೂಗು ಒಡ್ಡಿದೆ. ಒದ್ದೆ ಮರದ ವಾಸನೆ ಬರಬೇಕಾದಲ್ಲಿ ನನ್ನ ಹೆಂಡತಿಯ ಜಡೆಯ ವಾಸನೆ ಬಂತು. ಎರಡನೆಯ ಸಲ ನೋಡುವ ಅಗತ್ಯವೇ ಇರಲಿಲ್ಲ. ಬಟ್ಟಲು ಕೆಳಗಿಟ್ಟು ಕಪಾಟಿನ ಕೆಳಗಿನ ಹಲಗೆಯನ್ನು ನೋಡಿದೆ.

ಸಾಹೇಬರ ರೂಮಿಗೆ ಹೋಗುವಾಗ ಹೇಳಿಬಿಡಬೇಕೆಂದೇ ಇದ್ದೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಜನವರಿಯಲ್ಲಿ ಮಾಡುತ್ತೇವೆ ಎಂದಿದ್ದರು. ಹೆರಿಗೆಯೂ ಜನವರಿಯಲ್ಲೇ.

“ವಾಸನೆ ಉಂಟಾ?” ಎಂದು ಸಾಹೇಬರು ಕೇಳಿದರು.

“ಉಂಟು ಸರ್. ಹೊರಗಿನದ್ದು.”

“ಅದು ಬಿಡಿ, ಯಾವುದು ಅಂತ ನನಗೆ ಗೊತ್ತಿಲ್ವಾ? ನಮ್ಮಲ್ಲಿ ಸೆಂಟು ಹಾಕುವವರು ಎಷ್ಟು ಜನ ಇದ್ದಾರೆ? ಅವರು ನಿಮ್ಮ ರೂಮಿಗೆ ಬರ್ತಾರಾ?”

“ಒಳಗೆ ಬರುವುದಿಲ್ಲ ಸರ್. ಕಿಟಕಿ ಹತ್ರ ನಿಂತು ಮಾತಾಡ್ತಾರೆ.”

“ದಿನಾ?”

“ದಿನಾ.”

“ಆ ಹೊತ್ತಿಗೆ ಸ್ಯಾಂಪಲ್ ಚೀಲ ಎಲ್ಲಿರ್ತದೆ?”

“ಕಿಟಕಿ ಕೆಳಗೆ ಮೇಜಿನ ಮೇಲೆ ಸರ್. ತೆರೆದು.”

ನೋಡಿ, ಒಂದೂ ಸುಳ್ಳಿಲ್ಲ. ಅವರು ದಿನಾ ಬರುತ್ತಿದ್ದದ್ದು ನಿಜ, ಚೀಲ ಮೇಜಿನ ಮೇಲಿರುತ್ತಿದ್ದದ್ದು ನಿಜ. ನನ್ನ ರೂಮಿಗೆ ಬೇರೆ ಏನಾದರೂ ಬಂದಿತ್ತಾ ಎಂದು ಸಾಹೇಬರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾಗದದಲ್ಲಿ ಹೂವು ಎಂದಿತ್ತು. ಅವರ ಸೆಂಟಿನಲ್ಲಿ ಒಂದು ಎಸಳು ಹೂವೂ ಇರಲಿಲ್ಲವೆಂದು ಆ ಇಡೀ ವರ್ಕ್ಸಿನಲ್ಲಿ ಬಿಡಿಸಿ ಹೇಳಬಲ್ಲ ಮೂಗು ನನ್ನದೊಂದೇ. ಸಾಹೇಬರಿಗೆ ಅದು ಆಗದ ವಾಸನೆ, ಅಷ್ಟೇ. ನನಗೂ ಆಗದ್ದು. ಇದನ್ನೂ ಹೇಳಿಬಿಡುತ್ತೇನೆ: ಆ ಗಳಿಗೆಯಲ್ಲಿ ಹೆದರಿಕೆಯ ಜೊತೆಗೆ, ಬೇಕಿತ್ತಾ ಇವರಿಗೆ ಆ ಹೋತದ ನೀರು ಎಂಬ ಒಂದು ಸಣ್ಣ ಸಿಟ್ಟೂ ನನ್ನೊಳಗಿತ್ತು.

ಸಾಹೇಬರು ಅವರನ್ನು ಕರೆದು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದವರು ನೇರ ನನ್ನ ಕಿಟಕಿಯ ಕಡೆ ಬಂದರು. ಆದರೆ ಆವತ್ತು ಮೂರು ಮೊಳದಲ್ಲಿ ನಿಲ್ಲಲಿಲ್ಲ. ಅಂಗಳದ ಆ ಕೊನೆಯ ತೆಂಗಿನ ಬುಡದಲ್ಲೇ ನಿಂತು, ಕೂಗಿ ಕೇಳಿದರು.

“ನಾನು ನಿಲ್ಲುವುದು ಎಷ್ಟು ದೂರ ಮಾರಾಯ್ರೆ? ಮೂರು ಮೊಳ ಅಲ್ವಾ? ಅಲ್ಲಿಂದ ಒಳಗೆ ಹೋಗ್ಲಿಕ್ಕೆ ಸಾಧ್ಯ ಉಂಟಾ?”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಬಲ್ಲವರ ಹತ್ತಿರ ಕೇಳುವ ಮುಖ. ಮೂಗಿನ ವಿಷಯದಲ್ಲಿ ನಾನು ಹೇಳಿದ್ದೇ ಅವರಿಗೆ ಕೊನೆಯ ಮಾತು. ನಾನು ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿರಲಿಲ್ಲ.

“ಗಾಳಿ ಪಡುವಣದಿಂದ ಬರುವುದಲ್ವಾ?” ಎಂದೆ. “ನೀವು ನಿಲ್ಲುವುದು ಪಡುವಣ ಬದಿಯಲ್ಲಿ. ನಿಮ್ಮನ್ನು ದಾಟಿಯೇ ಗಾಳಿ ಕಿಟಕಿಗೆ ಬರ್ತದೆ.”

ಅವರು ಒಮ್ಮೆ ತಿರುಗಿ ಹೊಳೆಯಾಚೆ ಸಮುದ್ರದ ಕಡೆ ನೋಡಿದರು. ಆಮೇಲೆ ಕಿಟಕಿಯನ್ನು ನೋಡಿದರು. “ಓ... ಹೌದಲ್ಲ” ಎಂದರು. “ಅದು ನನ್ನ ತಲೆಗೇ ಹೋಗ್ಲಿಲ್ಲ.” ಅಂಗಿಯ ಕಾಲರನ್ನು ಎರಡು ಬೆರಳಿನಲ್ಲಿ ಮೂಗಿನವರೆಗೆ ಎತ್ತಿ ಮೂಸಿ ನೋಡಿಕೊಂಡು, ಹಿತ್ತಿಲಿನ ನಲ್ಲಿಯ ಕಡೆ ಹೋದರು.

ಅವರನ್ನು ಹೆಕ್ಕುವ ಶೆಡ್ಡಿನಿಂದ ತೆಗೆದು ಹೊಟ್ಟಿನ ಗೋಡೌನಿಗೆ ಹಾಕಿದರು. ಕಾಫಿಯ ಸಿಪ್ಪೆ ರಾಶಿ ಬೀಳುವ ಜಾಗ, ಧೂಳಿನಲ್ಲಿ ಮನುಷ್ಯನ ಮುಖ ಮನುಷ್ಯನಿಗೆ ಕಾಣದು. ಮೊದಲೇ ಎದೆ ಉರಿಯುವ ಮನುಷ್ಯನಿಗೆ ಅಲ್ಲಿ ಕೆಮ್ಮು ಹಿಡಿಯಿತು. ಹೆಡ್ ಸೂಪರ್‌ವೈಸರ್ ಆಗುವ ಸರದಿ ಅವರದಿತ್ತು, ಅದೂ ಹೋಯಿತು. ಅವರು ನನ್ನ ಕಿಟಕಿಯ ಕಡೆ ಮತ್ತೆ ಬರಲಿಲ್ಲ. ಹನ್ನೊಂದು ಗಂಟೆಗೆ ನಾನು ಒಬ್ಬನೇ ಉಗುಳುತ್ತಾ ಕೂತಿರುತ್ತಿದ್ದೆ. ಜನವರಿಯಲ್ಲಿ ನನಗೆ ಮಗಳು ಹುಟ್ಟಿದಳು, ಕೆಲಸವೂ ಪರ್ಮನೆಂಟ್ ಆಯಿತು. ಸಾಹೇಬರು ನನ್ನ ಪಟ್ಟಿಯನ್ನು ನೋಡಿ, ರೂಮಿನ ಶಿಸ್ತು ಅಂದ್ರೆ ಹೀಗಿರಬೇಕು ಎಂದು ಹೊಗಳಿದರು.

ಶೆಡ್ಡಿಗೆ ಬಂದ ಹೊಸ ಸೂಪರ್‌ವೈಸರ್ ರಬ್ಬರಿನ ಚಪ್ಪಲಿಯವನು. ಬಂದದ್ದು ಹೋದದ್ದು ಯಾರಿಗೂ ತಿಳಿಯದು. ಮೊದಲ ತಿಂಗಳಲ್ಲೇ ಹನ್ನೆರಡು ಹೆಸರು ಬರೆದ. ಅಪ್ಪಿಯಕ್ಕ ಆಗ ಅಲ್ಲಿ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದವಳು. ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡು, ಮೊಮ್ಮಗುವನ್ನು ನೋಡಲು ಮನೆಯಲ್ಲಿ ಬೇರೆ ಜನವಿರಲಿಲ್ಲ. ಗೋಣಿಚೀಲಗಳ ಮರೆಯಲ್ಲಿ ಮಗುವನ್ನು ಮಲಗಿಸಿಕೊಂಡು, ನಡುನಡುವೆ ಎದ್ದುಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಶೆಡ್ಡಿಗೆ ಮಗುವನ್ನು ತರಬಾರದೆಂಬುದು ರೂಲು. ಅಣ್ಣೆರಿಗೆ ಅದು ಗೊತ್ತಿದ್ದೂ ಎಂದೂ ಕಂಡಿರಲಿಲ್ಲ. ಹೊಸಬ ಅವಳು ಬಾಟಲಿ ಹಿಡಿದು ಕೂತಿದ್ದಾಗಲೇ ಹಿಂದೆ ಬಂದು ನಿಂತ. ಅದೇ ದಿನ ಕೆಲಸ ಹೋಯಿತು.

ಗೇಟಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಅಪ್ಪಿಯಕ್ಕ ನನ್ನನ್ನು ಕಂಡು, “ಅಣ್ಣೆರ್ ಇದ್ದಿದ್ರೆ ಹೀಗೆ ಆಗ್ತಿತ್ತಾ ಹೇಳಿ? ನಮಗೆ ಮೂಗಿಗೇ ಗೊತ್ತಾಗ್ತಿತ್ತು” ಎಂದು ಅತ್ತಳು. ಅವಳಿಗೆ ನಾನು ಏನು ಸಮಾಧಾನ ಹೇಳಿದೆನೋ ನೆನಪಿಲ್ಲ. ಏನೋ ಹೇಳಿದ್ದೇನೆ, ಹೇಳುವುದರಲ್ಲಿ ನಾನು ಗಟ್ಟಿಗ. ಆಮೇಲೆ ಅವಳು ಬೋಳಾರದ ತಿರುವಿನಲ್ಲಿ ತರಕಾರಿ ಇಟ್ಟುಕೊಂಡು ಕೂತಳು. ನಾನು ಅವಳನ್ನು ಬಿಟ್ಟು ಬೇರೆಯವರಲ್ಲಿ ತರಕಾರಿ ಕೊಳ್ಳುವುದಿಲ್ಲ. ಅದನ್ನೊಂದು ಪ್ರಾಯಶ್ಚಿತ್ತ ಎಂದುಕೊಂಡಿದ್ದ ದಿನಗಳೂ ಇದ್ದವು.

ಅಣ್ಣೆರ್ ಮುಂದಿನ ಮಳೆಗಾಲದೊಳಗೆ ರಾಜೀನಾಮೆ ಕೊಟ್ಟರು. ಬೀಳ್ಕೊಡುವುದೆಂದರೆ ಒಂದು ಚಾ, ಎರಡು ಬಿಸ್ಕೂಟು. ನಾನು ಆ ದಿನ ಜ್ವರವೆಂದು ರಜೆ ಹಾಕಿದೆ.

ಹೇಳಬೇಕೆಂದು ಹೊರಟ ದಿನಗಳು ಎಷ್ಟೋ. ಮಗಳ ನಾಮಕರಣದ ಕಾಗದ ಕೊಡುವ ನೆಪ ಮಾಡಿದೆ, ಕೊನೆಗೆ ಅದನ್ನು ಅಂಚೆಯಲ್ಲಿ ಕಳಿಸಿದೆ. ಸಾಹೇಬರು ನಿವೃತ್ತರಾದ ಮೇಲೆ ಇನ್ನೇನು ಹೆದರಿಕೆ ಎಂದುಕೊಂಡೆ, ಆಗ ಇಷ್ಟು ವರ್ಷ ಹೇಳದವನು ಈಗ ಹೇಳಿ ಏನು ಪ್ರಯೋಜನ ಎಂಬ ಹೊಸ ನೆಪ ಸಿಕ್ಕಿತು. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಆ ಮಲ್ಲಿಗೆ ಮುಡಿದದ್ದಕ್ಕೆ ಅವಳು ಜೀವಮಾನವಿಡೀ ನೊಂದಾಳು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಮೇಲಿನ ಕರುಣೆಯಿಂದ ಅಲ್ಲ, ಅವಳೆದುರು ಸಣ್ಣವನಾಗುವ ಭಯದಿಂದ.

ಅವರು ಸಾಯುವುದಕ್ಕೆ ಎರಡು ವರ್ಷ ಮೊದಲು, ಒಂದು ಶನಿವಾರ ಸಂಜೆ, ಶಕ್ತಿನಗರದ ಕಡೆ ಹೋಗುವ ಸಿಟಿ ಬಸ್ಸು ಹತ್ತಿದ್ದೆ. ಅಲ್ಲಿ ನನ್ನ ತಂಗಿಯ ಮನೆ. ಪಕ್ಕದಲ್ಲಿ ಬಂದು ಕೂತ ಮುದುಕರನ್ನು ನಾನು ನೋಡಲೂ ಇಲ್ಲ. ಕಂಕನಾಡಿ ದಾಟಿದ ಮೇಲೆ ಅವರೇ ಮೊಣಕೈಯಲ್ಲಿ ತಿವಿದರು.

“ಎಂತ ಮಾರಾಯ್ರೆ, ಗುರ್ತ ಆಗ್ಲಿಲ್ವಾ?”

ನಾನು ತಿರುಗಿ ನೋಡಿದೆ. ಬಿಳಿ ಅಂಗಿ, ಅದೇ ಬೈತಲೆ, ಕೂದಲು ಪೂರಾ ಬೆಳ್ಳಗಾಗಿತ್ತು. ಇಷ್ಟು ಹೊತ್ತು ಪಕ್ಕದಲ್ಲಿ ಕೂತಿದ್ದರೂ ನನಗೆ ಯಾವ ವಾಸನೆಯೂ ಬಂದಿರಲಿಲ್ಲ.

“ಸೆಂಟು...” ಎಂದೆ. ಬಾಯಿಗೆ ಬಂದ ಮೊದಲ ಮಾತು ಅದು.

“ಬಿಟ್ಟೆ. ಆವತ್ತೇ ಬಿಟ್ಟೆ. ನಿಮ್ಮ ಹತ್ರ ಮಾತಾಡಿ ಮನೆಗೆ ಹೋದವನು ಬಾಟ್ಲಿಯನ್ನು ಬಾಳೆಯ ಬುಡಕ್ಕೆ ಸುರಿದೆ. ಒಂದು ವಾರ ಅಲ್ಲಿ ನಾಯಿ ಸಹ ಮಲಗ್ಲಿಲ್ಲ” ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಎರಡು ಸ್ಟಾಪು ಬೇಕಾಯಿತು. ಬಂದರಿನ ಒಂದು ಗೋಣಿಚೀಲದ ಅಂಗಡಿಯಲ್ಲಿ ಇದ್ದೇನೆ ಎಂದರು. ಮಗಳ ಮದುವೆಯಾಯಿತು ಎಂದರು. ನನ್ನ ಮಗಳ ಹೆಸರನ್ನು ಅವರೇ ನೆನಪಿಸಿಕೊಂಡು, ಎಷ್ಟನೆಯ ಕ್ಲಾಸು ಎಂದು ಕೇಳಿದರು.

ಈಗ ಹೇಳು, ಈಗ ಹೇಳು ಎಂದುಕೊಳ್ಳುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕೆ ಉಂಟು. ಎಷ್ಟೋ ಸಲ ನಿಮ್ಮ ಮನೆಯವರೆಗೆ ಬಂದು ವಾಪಸು ಹೋಗಿದ್ದೇನೆ. ನನ್ನ ಒಂದು ಷೋಕಿಯಿಂದ ನಿಮ್ಮ ಕೆಲಸ ಹೋಗುವುದರಲ್ಲಿತ್ತು. ಪರ್ಮನೆಂಟ್ ಆಗಿರ್ಲಿಲ್ಲ ನಿಮಗೆ, ಮನೆಯಲ್ಲಿ ಬಸುರಿ ಹೆಂಡತಿ. ಗಾಳಿ ಯಾವ ಕಡೆಯಿಂದ ಅಂತ ನೋಡುವಷ್ಟು ಬುದ್ಧಿ ನನಗಿರ್ಲಿಲ್ಲ. ಆ ಅಪ್ಪಿಯಕ್ಕ, ಪಾಪ, ಅವಳದ್ದೂ ನನ್ನಿಂದಲೇ ಹೋದದ್ದು. ನನಗೆ ಅದೇ ಒಂದು ಕೊರಗು. ತಪ್ಪಾಯ್ತು ಮಾರಾಯ್ರೆ. ಮನಸ್ಸಿನಲ್ಲಿ ಇಟ್ಕೊಳ್ಬೇಡಿ.”

ಅವರ ಕಣ್ಣು ಒದ್ದೆಯಾಗಿತ್ತು. ಕಂಡಕ್ಟರ್ ಅವರ ಸ್ಟಾಪಿನ ಹೆಸರು ಕೂಗಿದ. ಅವರು ಏಳಲಿಲ್ಲ, ನನ್ನ ಉತ್ತರಕ್ಕೆ ಕಾದರು.

“ಇರ್ಲಿ ಬಿಡಿ” ಎಂದೆ ನಾನು. “ನಾನು ಅದನ್ನು ಯಾವಾಗಲೋ ಮರ್ತಿದ್ದೇನೆ.”

ಅವರು ನನ್ನ ಕೈಯನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ, ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ, ಸೀಟುಗಳನ್ನು ಹಿಡಿದುಕೊಳ್ಳುತ್ತಾ ಇಳಿದರು. ಬಸ್ಸು ಹೊರಡುವವರೆಗೂ ರಸ್ತೆಯ ಬದಿಯಲ್ಲಿ ನಿಂತು ನನ್ನ ಕಡೆ ಕೈ ಎತ್ತಿದ್ದರು. ಬಹಳ ದಿನದ ಭಾರ ಇಳಿದ ಮನುಷ್ಯನ ಮುಖ ಅದು. ನಾನು ಅವರನ್ನು ಕ್ಷಮಿಸಿದ್ದೆ.